ಹಳೆಯ ಫೆಂಡರ್ ಕಿಂಗ್‌ಮನ್ ಅಕೌಸ್ಟಿಕ್: ಬೇಸಿಗೆಯಲ್ಲಿ ಜರ್ರೆನ್ನುವ ಸದ್ದು, ಪರಿಹಾರ ಬೇಕು

ಕಲಬುರಗಿ_ತಂತಿ

ಎಲ್ಲರಿಗೂ ನಮಸ್ಕಾರ. ನನ್ನ ಸೋದರಮಾವ ಮುಂಬೈಯಲ್ಲಿದ್ದಾಗ ಕೊಂಡಿದ್ದ ಫೆಂಡರ್ ಕಿಂಗ್‌ಮನ್ ಈಗ ನನ್ನ ಬಳಿ ಇದೆ. ಅಕೌಸ್ಟಿಕ್ ಗಿಟಾರ್ ಆದರೂ ತಲೆ ಫೆಂಡರ್‌ನ ಎಲೆಕ್ಟ್ರಿಕ್ ಗಿಟಾರ್ ಸ್ಟ್ರಾಟೊಕ್ಯಾಸ್ಟರ್‌ನದೇ. ಆರು ಬಿರಡೆಗಳೂ ಒಂದೇ ಸಾಲಿನಲ್ಲಿವೆ. ಕುತ್ತಿಗೆ ಸೇರುವಲ್ಲಿ ಹಿಂದುಗಡೆ ನಾಲ್ಕು ಸ್ಕ್ರೂಗಳ ಲೋಹದ ತಗಡಿದೆ. ಭಾನುವಾರ ಚರ್ಚಿನ ಗಾಯನ ತಂಡದಲ್ಲಿ ಇದನ್ನೇ ನುಡಿಸುತ್ತೇನೆ.

ಮಾರ್ಚ್‌ನಿಂದ ಇದರಲ್ಲಿ ಜರ್ರೆಂಬ ಸದ್ದು ಶುರುವಾಗಿದೆ. ದಪ್ಪ ತಂತಿಯ ಮೂರು ಮತ್ತು ನಾಲ್ಕನೆಯ ಫ್ರೆಟ್‌ನಲ್ಲಿ (ಬೆರಳುಹಲಗೆಯ ಅಡ್ಡ ಲೋಹದ ಪಟ್ಟಿ) ತುಂಬಾ ಜೋರು. ಫ್ರೆಟ್‌ಗಳ ತುದಿಗಳು ಅಂಚಿನಿಂದ ಹೊರಬಂದು ಅಂಗೈಗೆ ಚುಚ್ಚುತ್ತಿವೆ. ದುರಸ್ತಿ ಮಾಡುವವರೊಬ್ಬರಿಗೆ ತೋರಿಸಿದೆ. ಕುತ್ತಿಗೆಯ ಕೋನ ಕೆಟ್ಟಿದೆ, ಸ್ಯಾಡಲ್ (ಮೇಲ್ಹಲಗೆಯ ಮೇಲೆ ತಂತಿಗಳು ಕೂರುವ ಪಟ್ಟಿ) ಎತ್ತರಿಸಿ ಫ್ರೆಟ್‌ಗಳನ್ನು ಉಜ್ಜಬೇಕು ಎಂದರು. ಇಂಥ ಗಿಟಾರ್ ನಮ್ಮ ಕಡೆ ಇನ್ನೊಂದನ್ನು ನಾನು ನೋಡಿಲ್ಲ, ಹಾಗಾಗಿ ಒಪ್ಪಿಸಲು ಕೈ ಹಿಂಜರಿಯುತ್ತಿದೆ. ಏನು ಮಾಡಲಿ?

ಯಾದಗಿರಿ_ಸ್ವರ

ಅಣ್ಣಾ, ಇದು ಬೇಸಿಗೆಯ ಕಾಟ. ಮರ ಒಣಗಿ ಮೇಲ್ಹಲಗೆ ತಗ್ಗಿದೆ, ತಂತಿಗಳು ಫ್ರೆಟ್‌ಗೆ ತಾಗುತ್ತಿವೆ. ಕೂಲರ್ ಮುಂದೆ ಇಟ್ಟುಬಿಡಿ, ಸರಿಹೋಗುತ್ತದೆ.

ಬೀದರ್_ಮರಗೆಲಸ

ಕೂಲರ್ ಮುಂದೆ ಮಾತ್ರ ಇಡಬೇಡಿ. ಕೂಲರ್ ಓಡುವಾಗ ಕೋಣೆ ತೇವವಾಗುತ್ತದೆ, ಕರೆಂಟ್ ಹೋದ ಕೂಡಲೇ ಮತ್ತೆ ಒಣಗುತ್ತದೆ. ದಿನಕ್ಕೆ ನಾಲ್ಕು ಸಲ ಹಿಗ್ಗಿ ಕುಗ್ಗುವ ಹಲಗೆ ಬಿರುಕು ಬಿಡುತ್ತದೆ. ಒಂದೇ ಸಮನೆ ಒಣಗಿರುವ ಹಲಗೆಗಿಂತ ಅದರ ಗತಿಯೇ ಕೆಟ್ಟದ್ದು.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಸ್ಯಾಡಲ್ ಎತ್ತರಿಸುವುದಕ್ಕೂ ಫ್ರೆಟ್ ಉಜ್ಜುವುದಕ್ಕೂ ಈಗ ಒಪ್ಪಬೇಡಿ. ಮೇ ತಿಂಗಳಲ್ಲಿ ತಗ್ಗಿದ ಹಲಗೆಗೆ ತಕ್ಕಂತೆ ಸ್ಯಾಡಲ್ ಎತ್ತರಿಸಿದರೆ, ಆಗಸ್ಟ್‌ನಲ್ಲಿ ಹಲಗೆ ಮತ್ತೆ ಉಬ್ಬಿದಾಗ ತಂತಿ ಒತ್ತಲಾರದಷ್ಟು ಮೇಲೇರುತ್ತದೆ. ಉಜ್ಜಿದ ಫ್ರೆಟ್ ಅಂತೂ ಮರಳಿ ಬರುವುದಿಲ್ಲ.

ಈ ಗಿಟಾರ್‌ನ ಹುಟ್ಟು ತಿಳಿದಿದ್ದರೆ ದಾರಿ ಅರ್ಧ ತೆರೆಯುತ್ತದೆ. ಎಲೆಕ್ಟ್ರಿಕ್ ಗಿಟಾರ್‌ನಿಂದ ಹೆಸರು ಮಾಡಿದ್ದ ಫೆಂಡರ್ ಕಂಪನಿ 1963ರಲ್ಲಿ ಅಕೌಸ್ಟಿಕ್ ಗಿಟಾರ್‌ಗಳಿಗೆ ಕೈ ಹಾಕಿತು. ವಿನ್ಯಾಸ ಮಾಡಿದವರು ಜರ್ಮನಿ ಮೂಲದ ರೋಜರ್ ರಾಸ್‌ಮೈಸಲ್. ಅದಕ್ಕೂ ಮೊದಲು ರಿಕನ್‌ಬ್ಯಾಕರ್ ಎಂಬ ಇನ್ನೊಂದು ಗಿಟಾರ್ ಕಂಪನಿಯಲ್ಲಿದ್ದವರು. ದೊಡ್ಡ ಮಾದರಿಗೆ ಮೊದಲು ಕಿಂಗ್ ಎಂಬ ಹೆಸರಿತ್ತು, 1966ರ ಹೊತ್ತಿಗೆ ಕಿಂಗ್‌ಮನ್ ಆಯಿತು. ಇದೇ ಹೆಸರನ್ನು ಬಹಳ ವರ್ಷಗಳ ನಂತರ ಏಷ್ಯಾದಲ್ಲಿ ತಯಾರಾದ ಬೇರೆ ಗಿಟಾರ್‌ಗಳಿಗೂ ಇಟ್ಟಿದ್ದಾರೆ, ಅವುಗಳ ಕುತ್ತಿಗೆ ಅಂಟಿಸಿದ್ದು. ನಿಮ್ಮದರಲ್ಲಿ ನಾಲ್ಕು ಸ್ಕ್ರೂ, ಲೋಹದ ತಗಡು ಇದೆ ಎನ್ನುತ್ತೀರಿ. ಹಾಗಾದರೆ ಅದು ಹಳೆಯ ಕಾಲದ್ದೇ.

ಅಂದರೆ ಇದು ಎಲೆಕ್ಟ್ರಿಕ್ ಗಿಟಾರ್ ಕಟ್ಟುವವರ ಬುದ್ಧಿಯಿಂದ ಹುಟ್ಟಿದ ಅಕೌಸ್ಟಿಕ್. ಮಾಮೂಲಿ ಅಕೌಸ್ಟಿಕ್‌ನ ಕುತ್ತಿಗೆಯ ಕೋನ ಬದಲಿಸಬೇಕಾದರೆ ಅಂಟನ್ನು ಹಬೆಯಲ್ಲಿ ಸಡಿಲಿಸಬೇಕು, ಇದರಲ್ಲಿ ಸ್ಕ್ರೂ ಬಿಚ್ಚಿದರೆ ಸಾಕು. ಮಾಮೂಲಿ ಗಿಟಾರ್ ನೋಡಿದ ಕಣ್ಣಿನಿಂದ ಕೊಟ್ಟ ಸಲಹೆ ಇದಕ್ಕೆ ಒಪ್ಪುವುದಿಲ್ಲ ಎನ್ನುವುದು ಅದಕ್ಕೇ. ಇನ್ನೊಂದು ವಿಶೇಷವಿದೆ. ಡಬ್ಬಿಯೊಳಗೆ ಕುತ್ತಿಗೆಯ ಬುಡದ ಕಟ್ಟೆಯಿಂದ ಬಾಲದ ಕಟ್ಟೆಯವರೆಗೆ ಉದ್ದಕ್ಕೂ ಒಂದು ಅಲ್ಯೂಮಿನಿಯಂ ಕೊಳವೆ ಇರುತ್ತದೆ. ತಂತಿಗಳ ಎಳೆತವನ್ನು ಅದೂ ಹಂಚಿಕೊಳ್ಳಲಿ ಎಂಬುದು ಅದರ ಉದ್ದೇಶ. 12–53 ಅಳತೆಯ (ಇಂಚಿನ ಸಾವಿರದಂಶದಲ್ಲಿ ತಂತಿಗಳ ದಪ್ಪ) ತಂತಿಗಳ ಒಟ್ಟು ಎಳೆತ 70 ಕಿಲೊ ದಾಟುತ್ತದೆ, ಇದು ಸಣ್ಣ ಭಾರವಲ್ಲ.

ನನ್ನ ಅನುಮಾನ ಆ ಕೊಳವೆಯ ಮೇಲೆ. ಒಣಗಿದ ಮರದಲ್ಲಿ ಸ್ಕ್ರೂಗಳ ಹಿಡಿತ ಸಡಿಲವಾಗುತ್ತದೆ, ಕೊಳವೆ ಸ್ವಲ್ಪ ಅಲುಗಿದರೂ ಸಾಕು, ತನಗೆ ಹೊಂದುವ ಸ್ವರ ಬಂದಾಗಲೆಲ್ಲ ಜರ್ರೆನ್ನುತ್ತದೆ. ದೊಡ್ಡ ಗಿಟಾರ್ ಡಬ್ಬಿಯೊಳಗಿನ ಗಾಳಿ ಸುಮಾರು 100 ಹರ್ಟ್ಸ್ ಆಸುಪಾಸಿನಲ್ಲಿ ಅತಿ ಹೆಚ್ಚು ಮಿಡಿಯುತ್ತದೆ. ನೀವು ಹೇಳಿದ ಮೂರನೆಯ ಫ್ರೆಟ್‌ನ ಜಿ 98 ಹರ್ಟ್ಸ್, ನಾಲ್ಕನೆಯದು ಸುಮಾರು 104. ಲೆಕ್ಕ ಕೂಡುತ್ತದೆ.

ಒಂದು ಪರೀಕ್ಷೆ ಮಾಡಿ. ಐದನೆಯ ತಂತಿಯನ್ನು, ಅಂದರೆ ಎ ತಂತಿಯನ್ನು, ಪೂರ್ತಿ ಒಂದು ಸ್ವರ ಇಳಿಸಿ ಜಿ ಮಾಡಿಕೊಳ್ಳಿ. ಯಾವ ಫ್ರೆಟ್ಟನ್ನೂ ಒತ್ತದೆ ಬರಿದಾಗಿ ಮೀಟಿ. ಆಗಲೂ ಸದ್ದು ಬಂದರೆ ಫ್ರೆಟ್‌ನದು ತಪ್ಪಲ್ಲ. ಆಮೇಲೆ ಇನ್ನೊಬ್ಬರಿಗೆ ಮೀಟಲು ಹೇಳಿ, ನೀವು ರಂಧ್ರದೊಳಗೆ ಬೆರಳು ಹಾಕಿ ಕೊಳವೆಯನ್ನು ಮೆಲ್ಲಗೆ ಒತ್ತಿ ಹಿಡಿಯಿರಿ. ಹನ್ನೆರಡನೆಯ ಫ್ರೆಟ್‌ನಲ್ಲಿ ದಪ್ಪ ತಂತಿ ಎಷ್ಟು ಎತ್ತರದಲ್ಲಿದೆ ಎಂದೂ ಅಳೆದು ಬರೆಯಿರಿ.

ಕಲಬುರಗಿ_ತಂತಿ

ಕಾಕಾ, ನೀವು ಹೇಳಿದಂತೆಯೇ ಆಯಿತು! ಬರಿ ತಂತಿ ಮೀಟಿದರೂ ಜರ್ರೆಂದಿತು, ತಂಗಿ ಮೀಟುವಾಗ ನಾನು ಕೊಳವೆ ಹಿಡಿದೆ, ಸದ್ದು ಪೂರ್ತಿ ನಿಂತಿತು. ಎತ್ತರ 1.7 ಮಿಲಿಮೀಟರ್. ತೇವಾಂಶ ಮಾಪಕ ತರಿಸಿದೆ; ಮಧ್ಯಾಹ್ನ ಕೋಣೆಯಲ್ಲಿ ಶೇ 24 ತೋರಿಸುತ್ತಿದೆ.

ಬೀದರ್_ಮರಗೆಲಸ

ಹಾಗಾದರೆ ಎರಡು ತೊಂದರೆಗಳು ಒಂದರ ಮೇಲೊಂದು ಕುಳಿತಿವೆ. ಸದ್ದು ಕೊಳವೆಯದು. ತಂತಿ ತಗ್ಗಿದ್ದು, ಫ್ರೆಟ್ ತುದಿ ಹೊರಬಂದದ್ದು ಒಣಹವೆಯಿಂದ. ಫ್ರೆಟ್ ಲೋಹ, ಅದು ಕುಗ್ಗುವುದಿಲ್ಲ. ಬೆರಳುಹಲಗೆ ಅಡ್ಡಕ್ಕೆ ಕುಗ್ಗಿದೆ. ಯಾದಗಿರಿಯವರು ಹೇಳಿದ ಕಾರಣ ಈ ಎರಡನೆಯದಕ್ಕೆ ಸರಿಯಾಗಿಯೇ ಇದೆ.

ಮೊದಲು ತೇವಾಂಶ. ಗಿಟಾರ್ ನುಡಿಸದಿರುವಾಗ ಗಟ್ಟಿ ಪೆಟ್ಟಿಗೆಯಲ್ಲಿಯೇ ಇರಲಿ. ಸಾಬೂನು ಡಬ್ಬಿಗೆ ತೂತು ಕೊರೆದು, ಒದ್ದೆ ಮಾಡಿ ಚೆನ್ನಾಗಿ ಹಿಂಡಿದ ಸ್ಪಂಜನ್ನು ಅದರಲ್ಲಿಟ್ಟು, ಪೆಟ್ಟಿಗೆಯಲ್ಲಿ ತಲೆಯ ಬಳಿ ಇಡಿ. ನೀರು ತೊಟ್ಟಿಕ್ಕಬಾರದು. ಮಾಪಕವೂ ಪೆಟ್ಟಿಗೆಯೊಳಗೇ ಇರಲಿ, ಶೇ 45ರಿಂದ 55ರ ನಡುವೆ ನಿಂತರೆ ಸಾಕು. ಅವಸರ ಬೇಡ, ಒಣಗಲು ತಿಂಗಳುಗಳು ಹಿಡಿದ ಮರಕ್ಕೆ ನೀರನ್ನು ಎರಡು ದಿನದಲ್ಲಿ ಕುಡಿಸಲಾಗುವುದಿಲ್ಲ. ಪೆಟ್ಟಿಗೆಯನ್ನು ಬಿಸಿಲು ಬೀಳುವ ಗೋಡೆಗೆ ಒರಗಿಸಬೇಡಿ, ಒಳಮನೆಯ ಪರ್ಸಿ ನೆಲದ ಮೇಲೆ ಮಣೆ ಹಾಕಿ ಇಡಿ.

ನಂತರ ಕೊಳವೆ. ತಂತಿಗಳನ್ನು ಪೂರ್ತಿ ಸಡಿಲಿಸಿ. ಸಣ್ಣ ಕನ್ನಡಿ, ಮೊಬೈಲ್ ಬೆಳಕು ಹಿಡಿದು ಎರಡು ತುದಿಗಳನ್ನೂ ನೋಡಿ, ಯಾವ ತುದಿ ಅಲುಗುತ್ತದೆ, ಅದನ್ನು ಹೇಗೆ ಬಿಗಿದಿದ್ದಾರೆ ಎಂದು ಫೋಟೊ ತೆಗೆದು ಇಲ್ಲಿ ಹಾಕಿ. ಆಮೇಲೆ ಸರಿಯಾದ ಅಳತೆಯ ತಿರುಪುಳಿಯಿಂದ ಕಾಲು ಸುತ್ತು ಮಾತ್ರ ಬಿಗಿಯಿರಿ. ಸ್ಕ್ರೂ ತೂತು ಸಡಿಲವಾಗಿ ತಿರುಗುತ್ತಲೇ ಇದ್ದರೆ ಒತ್ತಾಯ ಮಾಡದೆ ನಿಲ್ಲಿಸಿ. ಕೊಳವೆ ಮರಕ್ಕೆ ತಾಗುವಲ್ಲಿ ತೆಳು ಫೆಲ್ಟ್ ಚೂರೊಂದನ್ನು ತೂರಿಸಬಹುದು. ಅಂಟು ಮಾತ್ರ ಬೇಡ. ಮುಂದೆ ಬರುವ ಕುಶಲಕರ್ಮಿಗೆ ಅಂಟು ದೊಡ್ಡ ಅಡ್ಡಿ.

ಶಹಾಬಾದ್_ಆರುತಂತಿ

ಇಷ್ಟೆಲ್ಲ ಯಾಕೆ? ಆ ಕೊಳವೆಯನ್ನೇ ತೆಗೆದುಬಿಟ್ಟರೆ ನಾದ ಬಿಚ್ಚಿಕೊಳ್ಳುತ್ತದೆ ಎಂದು ಬಹಳ ಜನ ಹೇಳುತ್ತಾರೆ.

ಬೀದರ್_ಮರಗೆಲಸ

ಹೇಳುತ್ತಾರೆ, ಗೊತ್ತು. ಕೆಲವರು ತೆಗೆದೂ ಇದ್ದಾರೆ. ಆದರೆ ಐವತ್ತು ವರ್ಷಕ್ಕೂ ಮೇಲ್ಪಟ್ಟು ಕೊಳವೆಯ ಆಸರೆಯಲ್ಲಿ ನಿಂತ ಡಬ್ಬಿ ಅದಿಲ್ಲದೆ ಹೇಗೆ ವರ್ತಿಸುತ್ತದೆ ಎಂಬುದನ್ನು ಈ ಬಿರುಬೇಸಿಗೆಯಲ್ಲಿ ಪರೀಕ್ಷಿಸುವುದು ನನಗೆ ಸರಿ ಕಾಣುವುದಿಲ್ಲ. ಅಪರೂಪದ ವಾದ್ಯ ಹುಟ್ಟಿದಂತೆಯೇ ಉಳಿಯುವುದಕ್ಕೂ ಒಂದು ಬೆಲೆ ಇದೆ. ತೆಗೆಯಲೇಬೇಕೆಂದರೆ ಮಳೆಗಾಲದ ನಂತರ, ಹಲಗೆ ಸ್ಥಿರವಾದಾಗ, ತೆಳು ತಂತಿ ಹಾಕಿ ತೆಗೆಯಿರಿ. ಕೊಳವೆ, ಸ್ಕ್ರೂ ಎಲ್ಲವನ್ನೂ ಪೆಟ್ಟಿಗೆಯಲ್ಲೇ ಜೋಪಾನ ಮಾಡಿ.

ಕಲಬುರಗಿ_ತಂತಿ

ಕೆಲವು ವಾರಗಳ ನಂತರ ಬರೆಯುತ್ತಿದ್ದೇನೆ. ಬಾಲದ ಕಡೆಯ ತುದಿ ಸಡಿಲವಾಗಿತ್ತು. ಕಾಲು ಸುತ್ತಿಗೇ ಬಿಗಿಯಾಯಿತು, ಫೆಲ್ಟ್ ಬೇಕಾಗಲಿಲ್ಲ. ಜಿ ಸ್ವರ ಈಗ ನಿಚ್ಚಳವಾಗಿ ಕೇಳುತ್ತದೆ. ಪೆಟ್ಟಿಗೆಯೊಳಗೆ ಶೇ 47 ನಿಂತಿದೆ, ತಂತಿಯ ಎತ್ತರ 2.1ಕ್ಕೆ ಬಂದಿದೆ. ಫ್ರೆಟ್ ತುದಿಗಳು ಮಾತ್ರ ಇನ್ನೂ ಸ್ವಲ್ಪ ತಾಗುತ್ತವೆ. ನಾನೇ ಅರ ಹಿಡಿಯಲೇ?

ಬೀದರ್_ಮರಗೆಲಸ

ಬಹಳ ಸಂತೋಷವಾಯಿತು. ತುದಿಗಳನ್ನು ಆಗಸ್ಟ್‌ವರೆಗೆ ಮುಟ್ಟಬೇಡಿ, ಹಲಗೆ ಹಿಗ್ಗಿ ಅವು ತಾವೇ ಒಳಗೆ ಸೇರಬಹುದು. ಆಗಲೂ ಚುಚ್ಚಿದರೆ ಬೆರಳುಹಲಗೆಗೆ ಟೇಪ್ ಅಂಟಿಸಿ, ನುಣುಪು ಅರದಿಂದ ತುದಿಯನ್ನಷ್ಟೇ ಸವರಿ. ಅಲ್ಲಿಯವರೆಗೆ ಅರ್ಧ ಸ್ವರ ಇಳಿಸಿ ನುಡಿಸಿ. ಎಳೆತ ನೂರಕ್ಕೆ ಹನ್ನೊಂದರಷ್ಟು ಕಡಿಮೆಯಾಗುತ್ತದೆ. ಗಾಯನ ತಂಡದವರ ಶ್ರುತಿಗೆ ಹೊಂದಿಸಲು ಮೊದಲ ಫ್ರೆಟ್‌ಗೆ ಕೇಪೋ (ತಂತಿಗಳನ್ನೆಲ್ಲ ಒತ್ತಿ ಹಿಡಿಯುವ ಕ್ಲಿಪ್ಪು) ಹಾಕಿದರಾಯಿತು.