ಸಹಾಯ ಬೇಕು: ಲಿನಕ್ಸ್ ಮಿಂಟ್ ಶುರುವಾಗಲು ಎರಡು ನಿಮಿಷಕ್ಕಿಂತ ಜಾಸ್ತಿ

ಶರಣ್ರಿ ಎಲ್ಲರಿಗೂ. ಯಾದಗಿರಿಯಲ್ಲಿ ನಮ್ಮದೊಂದು ಸಣ್ಣ ಝೆರಾಕ್ಸ್ ಅಂಗಡಿ ಇದೆ. ಅಲ್ಲಿನ ಹಳೇ ಕಂಪ್ಯೂಟರ್‌ನಲ್ಲಿ ಲಿನಕ್ಸ್ ಮಿಂಟ್ ಆಪರೇಟಿಂಗ್ ಸಿಸ್ಟಮ್ ಇದೆ, 4 ಜಿಬಿ ರ‍್ಯಾಮ್. ಮೊದಲು 40 ಸೆಕೆಂಡಿಗೆ ಶುರುವಾಗುತ್ತಿತ್ತು. ಈಗ ಕರೆಂಟ್ ಹೋಗಿ ಬಂದರೆ ಸಾಕು, ಪಹಣಿ ಪ್ರಿಂಟ್‌ಗೆ ಬಂದವರು ನನ್ನ ಮುಖ ನೋಡುತ್ತಾ ನಿಲ್ಲುತ್ತಾರೆ.

ಶುರುವಾಗುವಾಗ ಎಲ್ಲಿ ಎಷ್ಟು ಹೊತ್ತು ಹಿಡಿಯಿತು ಎಂದು ತೋರಿಸುವ ಸಿಸ್ಟಮ್‌ಡಿ-ಅನಲೈಜ್ ಕಮಾಂಡ್ ಕೊಟ್ಟು ನೋಡಿದೆ. ಕರ್ನಲ್‌ಗೇ (ಸಿಸ್ಟಮ್‌ನ ತಿರುಳು) 36 ಸೆಕೆಂಡ್, ಯೂಸರ್‌ಸ್ಪೇಸ್‌ಗೆ (ಅದರ ಮೇಲೆ ಓಡುವ ಸರ್ವೀಸ್‌ಗಳು) 1 ನಿಮಿಷ 47 ಸೆಕೆಂಡ್. ಯಾವ ಸರ್ವೀಸ್ ಎಷ್ಟು ಹೊತ್ತು ತಗೊಂಡಿತು ಎನ್ನುವ ಬ್ಲೇಮ್ ಪಟ್ಟಿಯಲ್ಲಿ ಎಲ್ಲಕ್ಕಿಂತ ಮೇಲೆ, ನೆಟ್‌ವರ್ಕ್ ಸಿಗಲು ಕಾಯುವ ನೆಟ್‌ವರ್ಕ್‌ಮ್ಯಾನೇಜರ್-ವೇಟ್-ಆನ್‌ಲೈನ್ ಇದೆ, ಆದರೆ ಅದು ಬರೀ 9 ಸೆಕೆಂಡ್, ಲೆಕ್ಕ ಕೂಡುವುದಿಲ್ಲ ಅಲ್ವಾ? ಆಮೇಲೆ ಬೂಟ್ ಆಗುವಾಗ ಎಸ್ಕೇಪ್ ಒತ್ತಿ ನೋಡಿದರೆ ಯಾವುದೋ ಡಿಸ್ಕ್‌ನ ಯುಯುಐಡಿಗಾಗಿ (ಡಿಸ್ಕ್ ಭಾಗದ ಗುರುತಿನ ಸಂಖ್ಯೆ) ಕಾಯುತ್ತಾ 1 ನಿಮಿಷ 30 ಸೆಕೆಂಡ್ ಎಣಿಸುತ್ತದೆ, ಸಿಗದೆ ಬಿಟ್ಟು ಮುಂದೆ ಹೋಗುತ್ತದೆ.

ತಪ್ಪು ನನ್ನದೇ ಇರಬೇಕು. ಹೋದ ತಿಂಗಳು ಜಿಪಾರ್ಟೆಡ್ ಎಂಬ ಸಾಫ್ಟ್‌ವೇರ್‌ನಲ್ಲಿ ಡಿಸ್ಕ್ ಜಾಗ ಹೊಂದಿಸುವಾಗ ಸ್ವಾಪ್ ಪಾರ್ಟಿಷನ್ (ರ‍್ಯಾಮ್ ಸಾಲದಾಗ ಬಳಸುವ ಡಿಸ್ಕ್ ಭಾಗ) ಅಳಿಸಿ ಹೊಸದು ಮಾಡಿದ್ದೆ. ಬ್ಲಾಕ್‌ಐಡಿ ಕಮಾಂಡ್ ತೋರಿಸುವ ಯುಯುಐಡಿ ಬೇರೆ, ಬೂಟ್ ಆಗುವಾಗ ಜೋಡಿಸಬೇಕಾದ ಡಿಸ್ಕ್‌ಗಳ ಪಟ್ಟಿ ಇರುವ ಎಫ್‌ಎಸ್‌ಟ್ಯಾಬ್ ಫೈಲ್‌ನಲ್ಲಿ ಇರುವುದು ಬೇರೆ.

ಕೇಳುವುದು ಇಷ್ಟೇ. ಎಫ್‌ಎಸ್‌ಟ್ಯಾಬ್‌ನಲ್ಲಿ ಹೊಸ ಯುಯುಐಡಿ ಹಾಕಿದರೆ 90 ಸೆಕೆಂಡ್ ಉಳಿತಾಯ ಆಗುತ್ತದೆ ಅನಿಸುತ್ತದೆ, ಆದರೆ ಕರ್ನಲ್‌ನ ಆ 36 ಸೆಕೆಂಡ್? ಇನಿಟ್‌ರಾಮ್‌ಎಫ್‌ಎಸ್‌ನ (ಬೂಟ್ ಆರಂಭದಲ್ಲಿ ಬಳಸುವ ತಾತ್ಕಾಲಿಕ ಫೈಲ್ ಸಿಸ್ಟಮ್) ರೆಸ್ಯೂಮ್ ಫೈಲ್‌ನಲ್ಲೂ ಹಳೇ ಯುಯುಐಡಿಯೇ ಇದೆ. ಅದನ್ನೂ ಬದಲಿಸಿ ಅಪ್‌ಡೇಟ್-ಇನಿಟ್‌ರಾಮ್‌ಎಫ್‌ಎಸ್ ಓಡಿಸಬೇಕಾ, ಇಲ್ಲಾ ಹೈಬರ್ನೇಟ್ (ಕೆಲಸವನ್ನು ಡಿಸ್ಕ್‌ಗೆ ಉಳಿಸಿ ಆಫ್ ಮಾಡುವುದು) ಬಳಸುವುದೇ ಇಲ್ಲ ಅಂತ ಅಲ್ಲಿ none ಎಂದು ಬರೆದರೆ ಸಾಕಾ? ಮಾಡಿ ನೋಡಿದವರು ಹೇಳ್ರಿ. ಸುಮ್ನೆ ಎಸ್‌ಎಸ್‌ಡಿ ಹಾಕಿಸು ಅನ್ನಬೇಡಿ, ಅದು ದೀಪಾವಳಿ ಆದಮೇಲೆ.