ಪದಚರ್ಚೆ: ತರಕಾರಿ ಮಡಿಗೆ ಬಲೆಯೋ, ಪರದೆಯೋ? ಹಾರುವುದು ಚಿಟ್ಟೆಯೋ, ಹಾತೆಯೋ?

ಎಲ್ಲರಿಗೂ ನಮಸ್ಕಾರ.

ಮೈಸೂರು, ಮಂಡ್ಯ ಕಡೆ ಕೈತೋಟ ಮಾಡುವವರಿಗಾಗಿ ಒಂದು ಚಿಕ್ಕ ಕೈಪಿಡಿ ಬರೆಯುತ್ತಿದ್ದೇನೆ. ಹಳೆಯ ಸೊಳ್ಳೆ ಪರದೆ, ವಾಯಿಲ್ ಸೀರೆ ಇಂಥವನ್ನು ಕಟ್ಟಿ ಎಲೆಕೋಸು, ಹೂಕೋಸಿಗೆ ಹುಳ ಬೀಳದಂತೆ ಮಾಡುವ ಭಾಗದಲ್ಲಿ ಎರಡು ಪದಗಳು ಅಡ್ಡ ಬಂದಿವೆ.

ಮೊದಲನೆಯದು ಬಲೆ. ಕರಪತ್ರಗಳಲ್ಲಿ 'ಕೀಟ ನಿರೋಧಕ ಬಲೆ' ಎಂದೂ ಇದೆ, 'ನೈಲಾನ್ ಪರದೆ' ಎಂದೂ ಇದೆ. ಅಂಗಡಿಯವರಿಗೆ ಎಲ್ಲವೂ 'ನೆಟ್ಟು'. ಬಲೆ ಅಂದರೆ ಬೀಸುವುದು, ಹಿಡಿಯುವುದು; ತಮಿಳಿನ ವಲೈ, ತೆಲುಗಿನ ವಲ ಕೂಡ ಅದೇ ಕಸುಬಿನವು. ಇಲ್ಲಿ ಹಿಡಿಯುವ ಮಾತೇ ಇಲ್ಲ, ಒಳಗೆ ಬಿಡಬಾರದು ಅಷ್ಟೆ. 'ಬಲೆ ಹೊದಿಸಿ' ಎಂದು ಬರೆದರೆ ಓದಿದವರು ಗಿಡದ ಮೇಲೇ ಹಾಸಿಬಿಡುತ್ತಾರೆ. ಬಲೆ ಎಲೆಗೆ ತಾಗಿದ ಕಡೆ ಚಿಟ್ಟೆ ಬಲೆಯ ಮೇಲೆ ಕೂತು, ಅದರ ಕಣ್ಣಿನ ಸಂದಿಯಿಂದಲೇ ಎಲೆಗೆ ಮೊಟ್ಟೆ ಇಟ್ಟು ಹೋಗುತ್ತದೆ. ಬಿದಿರು ದಬ್ಬೆ ಬಗ್ಗಿಸಿ ಕಮಾನು ನೆಟ್ಟು, ಗಿಡ ಬೆಳೆಯಲೂ ಜಾಗ ಬಿಟ್ಟು ಕಟ್ಟಬೇಕು, ಅಂಚಿಗೆ ಮಣ್ಣು ಎಳೆಯಬೇಕು.

'ಪರದೆ ಕಟ್ಟಿ' ಎಂದರೆ ಇದೆಲ್ಲ ತಾನಾಗಿ ತಲೆಗೆ ಬರುತ್ತದೆ. ಸೊಳ್ಳೆ ಪರದೆಯನ್ನು ಯಾರೂ ಮೈಮೇಲೆ ಹೊದ್ದುಕೊಳ್ಳುವುದಿಲ್ಲ. ಎತ್ತರಕ್ಕೆ ಕಟ್ಟಿ ಅಂಚನ್ನು ಹಾಸಿಗೆಯಡಿ ಸಿಕ್ಕಿಸುತ್ತಾರೆ. ಪರದೆ ಪಾರಸಿ ಮಾತು ಎಂಬ ತಕರಾರು ಬರಬಹುದು. ಬರಲಿ, ಮನೆಮನೆಯಲ್ಲೂ ತೂಗಾಡಿದ ಮೇಲೆ ಅದು ನಮ್ಮದೇ. ಬರೀ 'ಪರದೆ' ಎಂದರೆ ಹಸಿರು ನೆರಳು ಪರದೆ ತಂದು ಬಿಸಿಲನ್ನೇ ತಡೆಯುವವರಿದ್ದಾರೆ, ಹಾಗಾಗಿ 'ಹುಳದ ಪರದೆ' ಎಂದು ಬರೆಯೋಣವೆಂದಿದ್ದೇನೆ. '40 ಮೆಶ್' ಎಂಬುದಕ್ಕೆ 'ಇಂಚಿಗೆ 40 ಕಣ್ಣು' ಸಾಕು, ಜರಡಿ ಹಿಡಿದವರಿಗೆಲ್ಲ ತಿಳಿಯುತ್ತದೆ.

ಎರಡನೆಯದು ತುಸು ತೊಡಕಿನದು. ನಾನು ಓದಿದ ಬ್ರಿಟನ್ನಿನ ಬರಹಗಳಲ್ಲಿ ಕೋಸಿನ ಶತ್ರು ಹಗಲು ಹಾರುವ ಬಿಳಿ ಚಿಟ್ಟೆ. ಅದರಲ್ಲಿ ದೊಡ್ಡ ಜಾತಿಯದು ಹಳದಿ ಮೊಟ್ಟೆಗಳನ್ನು ಗುಂಪಾಗಿ ಇಡುತ್ತದೆ, ಚಿಕ್ಕದು ಒಂದೊಂದಾಗಿ. ನಮ್ಮಲ್ಲಿ ಕೋಸನ್ನು ತೂತು ಮಾಡುವುದು ಹೆಚ್ಚಾಗಿ 'ವಜ್ರಬೆನ್ನಿನ ಪತಂಗ'ದ ಮರಿ. ರೆಕ್ಕೆ ಮಡಚಿ ಕೂತರೆ ಬೆನ್ನುದ್ದಕ್ಕೂ ವಜ್ರದ ಸಾಲು ಕಾಣುವ ಈ ಪುಟ್ಟ ಬೂದು ಜೀವ ಹಾರುವುದು ಮುಸ್ಸಂಜೆಯ ಮೇಲೆ. 'ಚಿಟ್ಟೆ ಬಾರದಂತೆ' ಎಂದು ಬರೆದರೆ, ಕತ್ತಲಲ್ಲಿ ಚಿಟ್ಟೆ ಎಲ್ಲಿ ಬಂತು ಎಂದುಕೊಂಡು ಸಂಜೆ ನೀರು ಹಾಕಲು ತೆರೆದ ಪರದೆಯನ್ನು ಬೆಳಗಿನವರೆಗೂ ಹಾಗೇ ಬಿಡುತ್ತಾರೆ.

'ಪತಂಗ' ಪುಸ್ತಕದ ಮಾತು. 'ಪಾತರಗಿತ್ತಿ' ಧಾರವಾಡದ ಕಡೆಯದು, ಅದೂ ಹಗಲಿನದೇ. ದೀಪಕ್ಕೆ ಮುತ್ತುವ 'ಹಾತೆ' ನನಗೆ ಇಷ್ಟ, ಆದರೆ ಈಗಿನವರ ಬಾಯಲ್ಲಿ ಅಪರೂಪ. ಇನ್ನೊಂದು ಕಡೆ, ರೇಷ್ಮೆ ಸಾಕುವವರು ಗೂಡು ಕೊರೆದು ಬರುವುದನ್ನು 'ಚಿಟ್ಟೆ' ಎಂದೇ ಕರೆಯುತ್ತಾರೆ. ಅದು ಹಗಲಿನ ಬಣ್ಣದ ಚಿಟ್ಟೆಯಲ್ಲವಲ್ಲ! ಹಾಗಿದ್ದರೆ 'ಇರುಳುಚಿಟ್ಟೆ' ಎನ್ನಬಹುದೆ? ಕಟ್ಟಿದ ಪದದಂತೆ ಕೇಳಿಸುತ್ತದೋ ಏನೋ.

ಮರಿಗೆ 'ಕಂಬಳಿಹುಳ' ಬೇಡ, ಕೋಸಿನದಕ್ಕೆ ಆ ಬಗೆಯ ದಟ್ಟ ರೋಮವಿಲ್ಲ. 'ಕೀಡೆ' ಕರಪತ್ರ ಬಿಟ್ಟು ಹೊರಗೆ ಬಂದಂತಿಲ್ಲ. 'ಹುಳ' ಎಂದು ಮುಗಿಸುತ್ತೇನೆ.

ಮಳವಳ್ಳಿ, ಮದ್ದೂರು, ತಿ. ನರಸೀಪುರದ ಕಡೆಯವರನ್ನು ಕೇಳುವುದು ಇಷ್ಟು: ಸಂಜೆ ಹೊತ್ತು ಕೋಸಿನ ಮಡಿಯಲ್ಲಿ ಕಾಲಿಟ್ಟರೆ ಎದ್ದು ಹಾರುವ ಆ ಸಣ್ಣದಕ್ಕೆ ನಿಮ್ಮೂರಲ್ಲಿ ಏನನ್ನುತ್ತಾರೆ? ರೇಷ್ಮೆ ಹುಳವನ್ನು ಕಾಡುವ ಊಜಿ ನೊಣ ನುಗ್ಗದಂತೆ ರೇಷ್ಮೆ ಮನೆಯ ಕಿಟಕಿಗೆ ಹೊಡೆಯುವುದೂ ಇಂಥದೇ ನೈಲಾನ್. ಅಲ್ಲಿ ಹುಳವನ್ನು ಕಾಯಲು, ಇಲ್ಲಿ ಹುಳದಿಂದ ಕಾಯಲು. ಅದಕ್ಕೆ ಹಿರಿಯರು ಬಲೆ ಎನ್ನುತ್ತಾರೋ, ಪರದೆ ಎನ್ನುತ್ತಾರೋ? ಹೇಳುವವರು ಊರಿನ ಹೆಸರನ್ನೂ ಸೇರಿಸಿದರೆ ಉಪಕಾರ.