ದುಬೈ ಚಿನ್ನ ಹಾಸನಕ್ಕೆ ಮುಟ್ಟುವಷ್ಟರಲ್ಲಿ ಗ್ರಾಂಗೆ ಎಷ್ಟು ಬೀಳುತ್ತದೆ?

ಹಳೇಬೀಡು_ದುಬೈ

ಎಲ್ಲರಿಗೂ ನಮಸ್ಕಾರ. ನಾನೂ ನನ್ನ ಹೆಂಡತಿಯೂ ದುಬೈಗೆ ಬಂದು 14 ತಿಂಗಳಾಯಿತು. ನಡುವೆ ದೀಪಾವಳಿಗೆ 18 ದಿನ ಊರಲ್ಲಿದ್ದೆವು. ಬರುವ ವೈಶಾಖದಲ್ಲಿ ಹಾಸನದಲ್ಲಿ ತಂಗಿ ಮದುವೆ. 45 ಗ್ರಾಂನ ಕಾಸಿನ ಸರ, ಜೊತೆಗೆ 25 ಗ್ರಾಂನ ಒಂದು ಜೊತೆ ಬಳೆ, ಎಲ್ಲ 22 ಕ್ಯಾರೆಟ್, ಒಟ್ಟು 70 ಗ್ರಾಂ ತರಬೇಕು.

ಇಲ್ಲೇ ಕೊಂಡರೆ ನಿಜಕ್ಕೂ ಉಳಿಯುತ್ತದೆಯೇ? ಬೆಂಗಳೂರು ಅಥವಾ ಮಂಗಳೂರು ಏರ್‌ಪೋರ್ಟಿನಲ್ಲಿ ಎಷ್ಟಕ್ಕೆ ಸುಂಕ ಬೀಳುತ್ತದೆ? ಮುಂದಿನ ತಿಂಗಳು ಅಮ್ಮ ವಿಸಿಟ್ ವೀಸಾದಲ್ಲಿ ಬರುತ್ತಾರೆ, ಅವರ ಹೆಸರಲ್ಲಿ ಬಿಲ್ ಮಾಡಿಸಿದರೆ ವ್ಯಾಟ್ ವಾಪಸ್ ಸಿಗುತ್ತದಂತೆ, ಹಾಗೆ ಮಾಡಬಹುದೇ?

ಇನ್ನೊಂದು ವಿಷಯ. ಹೆಂಡತಿ ಊರಿಂದ ಹಾಕಿಕೊಂಡು ಬಂದ 32 ಗ್ರಾಂನ ಹಳೇ ಸರ ಇದೆ. ಕೆಡಿಎಂ ಅಂತ ಮುದ್ರೆ ಇದೆ, ಬಿಲ್ ಊರಲ್ಲಿದೆ. ಅದನ್ನು ಇಲ್ಲಿ ಮಾರುವುದೋ, ಊರಲ್ಲೋ? ಅಮೆರಿಕದಲ್ಲಿರುವ ಭಾವನಿಗೂ ಊರಿನ ಎರಡು ಬಳೆ ಮಾರಬೇಕಾಗಿದೆ, ಅಲ್ಲಿಯ ಪದ್ಧತಿ ಗೊತ್ತಿದ್ದವರು ತಿಳಿಸಿ.

ಶಿರಾಡಿ_ಘಾಟ್

ಮೊದಲು ಬೆಲೆಯ ಲೆಕ್ಕ ಮಾಡೋಣ. ಹೊರದೇಶದ ದರ 100 ಎಂದಿಟ್ಟುಕೊಂಡು ಮೇಕಿಂಗ್ ಚಾರ್ಜ್ ಸದ್ಯಕ್ಕೆ ಬದಿಗಿಡಿ. ದುಬೈನಲ್ಲಿ ಅದರ ಮೇಲೆ ಶೇ. 5 ವ್ಯಾಟ್, ಅಲ್ಲಿಗೆ 105. ನಮ್ಮಲ್ಲಿ ಆಮದು ಸುಂಕ ಶೇ. 6 ಸೇರಿ 106, ಅದರ ಮೇಲೆ ಶೇ. 3 ಜಿಎಸ್‌ಟಿ, ಅಲ್ಲಿಗೆ 109.18. ವ್ಯತ್ಯಾಸ ಸುಮಾರು ನಾಲ್ಕು. ಹಿರಿಯರು ಇಂದಿಗೂ "ದುಬೈ ಚಿನ್ನ ಅಗ್ಗ" ಅನ್ನುವುದು ಸುಂಕ ಶೇ. 15 ಇದ್ದ ಕಾಲದ ಮಾತು. ಆಗ ಇಲ್ಲಿ 118 ದಾಟುತ್ತಿತ್ತು. 2024ರ ಜುಲೈ 24ರಂದು 15ರಿಂದ 6ಕ್ಕೆ ಇಳಿದ ಮೇಲೆ ಆ ಲಾಭದ ಮೂರರಲ್ಲಿ ಎರಡು ಪಾಲಿಗೂ ಹೆಚ್ಚು ಹೋಯಿತು. ಹೊರಡುವ ವಾರ ಸುಂಕ ಎಷ್ಟಿದೆಯೋ ನೋಡಿ, ಈ ಆರರ ಜಾಗಕ್ಕೆ ಅದನ್ನು ಹಾಕಿಕೊಂಡು ಮತ್ತೆ ಗುಣಿಸಿ.

ಇದರಲ್ಲಿ ಇನ್ನೊಂದು ಮಾತು ಅಡಗಿದೆ. ನಮ್ಮೂರಿನ ಬೋರ್ಡ್ ದರದೊಳಗೇ ಆ ಸುಂಕ ಕೂತಿರುತ್ತದೆ. ಹಾಗಾಗಿ ಹಳೇ ಒಡವೆ ಮಾರುವಾಗಲೂ ಊರಲ್ಲಿ ಹೆಚ್ಚು ದರ ಸಿಗುತ್ತದೆ. ಕೊಳ್ಳುವುದು ಅಲ್ಲಿ, ಮಾರುವುದು ಇಲ್ಲಿ. ನಿಮ್ಮ ಸರವನ್ನು ದುಬೈನಲ್ಲಿ ಕೊಡಬೇಡಿ.

ಇನ್ನು ಏರ್‌ಪೋರ್ಟ್. ಒಂದು ವರ್ಷಕ್ಕಿಂತ ಹೆಚ್ಚು ಕಾಲ ಹೊರಗೆ ವಾಸವಿದ್ದವರಿಗೆ ಸುಂಕವಿಲ್ಲದೆ ಬಿಡುವ ಒಡವೆ ಗಂಡಸರಿಗೆ 20 ಗ್ರಾಂ, ಹೆಂಗಸರಿಗೆ 40 ಗ್ರಾಂ. 2016ರ ಬ್ಯಾಗೇಜ್ ನಿಯಮದಲ್ಲಿ ಇದರ ಜೊತೆಗೆ ಬೆಲೆಯ ಮಿತಿಯೂ ಇತ್ತು, ಕ್ರಮವಾಗಿ 50,000 ಮತ್ತು 1,00,000 ರೂಪಾಯಿ. ಬಜೆಟ್ ಬಂದಾಗಲೆಲ್ಲ ಈ ನಿಯಮಗಳನ್ನು ತಿದ್ದುವುದುಂಟು, ಆದ್ದರಿಂದ ಟಿಕೆಟ್ ಮಾಡುವ ದಿನ ಕಸ್ಟಮ್ಸ್ ಜಾಲತಾಣದಲ್ಲಿ ಜಾರಿಯಲ್ಲಿರುವ ನಿಯಮವನ್ನೇ ಓದಿ. ಇದು ಒಡವೆಗೆ ಮಾತ್ರ. ನಾಣ್ಯ, ಬಿಸ್ಕತ್ತು, ಗಟ್ಟಿ ಈ ಲೆಕ್ಕಕ್ಕೆ ಬರುವುದಿಲ್ಲ.

ನಿಮ್ಮಿಬ್ಬರದು 20 ಮತ್ತು 40, ಒಟ್ಟು 60. ಆದರೆ ಇಬ್ಬರದನ್ನೂ ಒಂದೇ ಚೀಲಕ್ಕೆ ಹಾಕಿ "ಒಟ್ಟು ಅರವತ್ತು" ಅನ್ನುವಂತಿಲ್ಲ. ಅವರವರ ಬಾಬತ್ತು ಅವರವರ ಬಳಿ, ಅವರವರ ಹೆಸರಿನ ಬಿಲ್‌ನೊಂದಿಗೆ ಇರಬೇಕು. ಕಾಸಿನ ಸರ ಒಂದೇ 45 ಗ್ರಾಂ ಇರುವುದರಿಂದ ಅದನ್ನು ಹೆಂಡತಿ ತಂದರೂ 5 ಗ್ರಾಂ ಮೀರುತ್ತದೆ. ಬಳೆ ನೀವು ತಂದರೆ ಅಲ್ಲೂ 5 ಮೀರುತ್ತದೆ.

ಮೀರಿದ 10 ಗ್ರಾಂಗೆ ಹೆದರಬೇಕಿಲ್ಲ, ಮುಚ್ಚಿಡಲೂಬೇಡಿ. ಆರು ತಿಂಗಳಾದರೂ ಹೊರಗಿದ್ದು ಬರುವ ಭಾರತೀಯ ಮೂಲದವರು ರಿಯಾಯಿತಿ ಸುಂಕ ಕಟ್ಟಿ 1 ಕಿಲೋವರೆಗೆ ಚಿನ್ನ ತರಬಹುದು. ನಡುವಿನ ಸಣ್ಣ ಭೇಟಿಗಳು ಒಟ್ಟು 30 ದಿನ ಮೀರದಿದ್ದರೆ, ಆ ಭೇಟಿಯಲ್ಲಿ ಇದೇ ರಿಯಾಯಿತಿ ಪಡೆದಿರದಿದ್ದರೆ ತೊಂದರೆಯಿಲ್ಲ, ನಿಮ್ಮ 18 ದಿನ ಸರಿಹೋಗುತ್ತದೆ. ಇಲ್ಲಿ ಎರಡು ಕಡೆ ಜನ ಎಡವುತ್ತಾರೆ. ಹರಳು, ಮುತ್ತು ಕೂರಿಸಿದ ಒಡವೆಗೆ ಈ ರಿಯಾಯಿತಿ ಇಲ್ಲ. ಕಾಸಿನ ಸರಕ್ಕೆ ಕೆಂಪು ಹರಳಿನ ಪದಕ ಬೇಕೆಂದಿದ್ದರೆ ಸರ ಮಾತ್ರ ಅಲ್ಲಿ ಕೊಂಡು ಪದಕವನ್ನು ಹಾಸನದಲ್ಲೇ ಮಾಡಿಸಿ. ಎರಡನೆಯದು, ಸುಂಕವನ್ನು ಪರಿವರ್ತನೆಯಾಗುವ ವಿದೇಶಿ ಹಣದಲ್ಲೇ ಕಟ್ಟಬೇಕೆಂಬ ಷರತ್ತಿದೆ, ಜೇಬಲ್ಲಿರುವ ರೂಪಾಯಿ ನಂಬಿಕೊಂಡು ಇಳಿಯಬೇಡಿ. ರೆಡ್ ಚಾನೆಲ್‌ಗೆ, ಅಂದರೆ ಸುಂಕ ಕಟ್ಟಬೇಕಾದ ಸಾಮಾನು ಇದ್ದವರ ದಾರಿಗೆ ಹೋಗಿ, ಬಿಲ್ ತೋರಿಸಿ, ರಸೀದಿ ಪಡೆಯಿರಿ. ಗ್ರೀನ್ ಚಾನೆಲ್‌ನಲ್ಲಿ ನಡೆದು ಸಿಕ್ಕಿಬಿದ್ದರೆ ಒಡವೆ ಜಪ್ತಿಯಾಗಿ ದಂಡವೂ ಬೀಳುತ್ತದೆ. 10 ಗ್ರಾಂನ ಸುಂಕ ಉಳಿಸಲು ಮದುವೆಯ ಒಡವೆಯನ್ನೇ ಪಣಕ್ಕಿಡಬೇಡಿ.

ಅಮ್ಮನ ಹೆಸರಿನ ಬಿಲ್: ವ್ಯಾಟ್ ವಾಪಸ್ ಸಿಗುವುದು ನಿಜ, ನಿಮಗಲ್ಲ, ಪ್ರವಾಸಿಯಾದ ಅವರಿಗೆ. ಒಂದು ಬಿಲ್ ಕನಿಷ್ಠ 250 ದಿರಂ ಇರಬೇಕು, ಖರೀದಿ ಅವರ ಪಾಸ್‌ಪೋರ್ಟಿನ ಮೇಲೆ ಆಗಬೇಕು, 90 ದಿನದೊಳಗೆ ಅವರು ದೇಶ ಬಿಡಬೇಕು. ಸಿಗುವುದು ಕಟ್ಟಿದ ವ್ಯಾಟ್‌ನ ಬಹುಪಾಲು, ಪೂರ್ತಿಯಲ್ಲ, ಅದರಲ್ಲೂ ಬಿಲ್ಲಿಗೆ 4.80 ದಿರಂ ಶುಲ್ಕ ಕಳೆಯುತ್ತದೆ. 10,000 ದಿರಂ ಒಡವೆಗೆ ವ್ಯಾಟ್ 500, ಕೈಗೆ ಬರುವುದು ಅದಕ್ಕಿಂತ ಕಡಿಮೆ. ಬ್ಯಾಗ್ ಚೆಕ್‌ಇನ್ ಮಾಡುವ ಮೊದಲೇ ವ್ಯಾಟ್ ಕೌಂಟರ್‌ಗೆ ಹೋಗಬೇಕು, ಒಡವೆ ತೋರಿಸಿ ಎಂದರೆ ತೋರಿಸುವಂತಿರಬೇಕು.

ಆದರೆ ಅಮ್ಮ ಹೊರಗೆ ಒಂದು ವರ್ಷ ವಾಸವಿದ್ದವರಲ್ಲ. 40 ಗ್ರಾಂನ ವಿನಾಯಿತಿ ಅವರಿಗಿಲ್ಲ, ಆರು ತಿಂಗಳ ರಿಯಾಯಿತಿ ಸುಂಕವೂ ಇಲ್ಲ. ವ್ಯಾಟ್ ಉಳಿಸಲು ಹೋಗಿ ಬೆಂಗಳೂರಿನಲ್ಲಿ ಬ್ಯಾಗೇಜ್‌ನ ದುಬಾರಿ ಸುಂಕ ಕಟ್ಟುವಂತಾಗುತ್ತದೆ. ಆ ಯೋಚನೆ ಕೈಬಿಡಿ.

ಒರೆಗಲ್ಲು_ಸಕಲೇಶಪುರ

ಶಿರಾಡಿಯವರು ಹೇಳಿದ ನಾಲ್ಕು ಪರ್ಸೆಂಟ್ ಉಳಿಯುವುದೋ ಹೋಗುವುದೋ ಮೇಕಿಂಗ್ ಚಾರ್ಜ್‌ನಲ್ಲಿ ತೀರ್ಮಾನವಾಗುತ್ತದೆ. ಸುಲಭಕ್ಕೆ 24 ಕ್ಯಾರೆಟ್ ಗ್ರಾಂಗೆ 10,000 ಎಂದುಕೊಳ್ಳಿ. 22 ಕ್ಯಾರೆಟ್‌ಗೆ 916 ಅನ್ನುತ್ತಾರೆ, ಸಾವಿರದಲ್ಲಿ 916 ಪಾಲು ಚಿನ್ನ, ಅಂದರೆ 9,160. ಮೇಕಿಂಗ್ ಚಾರ್ಜ್ ಲೆಕ್ಕದಲ್ಲಿ ಶೇ. 12 ವೇಸ್ಟೇಜ್ ಹಾಕಿದರೆ 10,259. ಜಿಎಸ್‌ಟಿ ಸೇರಿ 10,567. ಅದೇ ದಿನ ವಾಪಸ್ ಮಾರಿದರೆ, ಅಂಗಡಿಯವರು ಶೇ. 2 ಹಿಡಿದುಕೊಂಡರೆ ಸಿಗುವುದು 8,977. ಅಂದರೆ ಚಿನ್ನ ಸುಮಾರು ಶೇ. 18 ಏರಿದ ಮೇಲಷ್ಟೇ ನಿಮ್ಮ ಅಸಲು ಬರುತ್ತದೆ. ಆದ್ದರಿಂದ ದುಬೈನಲ್ಲೂ ಚೌಕಾಸಿ ಮಾಡಬೇಕಾದ್ದು ಚಿನ್ನದ ದರದಲ್ಲಲ್ಲ, ಆ ದರ ಎಲ್ಲ ಅಂಗಡಿಯಲ್ಲೂ ಹೆಚ್ಚುಕಡಿಮೆ ಒಂದೇ. ಕೂಲಿಯಲ್ಲಿ ಮಾಡಿ. ಗ್ರಾಂಗೆ ಎಷ್ಟು ದಿರಂ ಎಂದು ಕೇಳಿ, ಅದನ್ನು ಬೇರೆ ಸಾಲಿನಲ್ಲಿ ಬರೆಸಿ.

ಕಾಸಿನ ಸರದ ವಿಷಯದಲ್ಲಿ ಎಚ್ಚರ ಬೇಕು. ಕಾಸನ್ನು ತೆಳು ತಗಡಿನಲ್ಲಿ ಅಚ್ಚು ಒತ್ತಿ ತೆಗೆಯುತ್ತಾರೆ, ಪ್ರತಿ ಕಾಸಿಗೂ ಕೊಂಡಿ ಬೆಸುಗೆ ಹಾಕುತ್ತಾರೆ. ತಗಡು ತೀರಾ ತೆಳುವಾದರೆ ಎರಡು ಮದುವೆ ಓಡಾಡುವಷ್ಟರಲ್ಲಿ ಅಂಚು ಮಡಚುತ್ತದೆ, ಕೊಂಡಿ ಕಿತ್ತುಬರುತ್ತದೆ. ಒಂದು ಕಾಸನ್ನು ಎರಡು ಬೆರಳಲ್ಲಿ ಹಿಡಿದು ಮೆಲ್ಲಗೆ ಒತ್ತಿ ನೋಡಿ, ಬಾಗಿದರೆ ಬೇಡ. ನಡುವೆ ಗುಂಡು ಪೋಣಿಸಿದ್ದರೆ ಒಳಗೆ ಅರಗು ತುಂಬಿದ್ದಾರೆಯೇ ಕೇಳಿ. ಬಿಲ್‌ನಲ್ಲಿ ಒಟ್ಟು ತೂಕ, ನಿವ್ವಳ ಚಿನ್ನದ ತೂಕ ಎರಡೂ ಇರಲೇಬೇಕು. ಇಂದು ಅರಗಿಗೂ ಚಿನ್ನದ ದರ ಕೊಟ್ಟು ಕೊಂಡರೆ ನಾಳೆ ಮಾರುವಾಗ ಅದನ್ನು ಸಲೀಸಾಗಿ ಕಳೆಯುತ್ತಾರೆ. ಕರಿಮಣಿ ಸರಕ್ಕೂ ಇದೇ ಮಾತು.

ದುಬೈ ಒಡವೆಗೆ 916 ಮುದ್ರೆ ಇರುತ್ತದೆ, ನಮ್ಮ ಹೆಚ್‌ಯುಐಡಿ, ಅಂದರೆ ಒಂದೊಂದು ಒಡವೆಗೂ ಹಾಲ್‌ಮಾರ್ಕ್ ಜೊತೆ ಕೊಡುವ ಗುರುತಿನ ಸಂಖ್ಯೆ ಇರುವುದಿಲ್ಲ. ನಮ್ಮಲ್ಲಿ 2023ರ ಏಪ್ರಿಲ್ 1ರಿಂದ ಅಂಗಡಿಯವರು ಆರು ಅಕ್ಷರ-ಅಂಕಿಯ ಹೆಚ್‌ಯುಐಡಿ ಇಲ್ಲದೆ ಮಾರುವಂತಿಲ್ಲ, ಆದರೆ ಆ ನಿರ್ಬಂಧ ಮಾರುವ ಅಂಗಡಿಗೆ. ನಿಮ್ಮ ಮನೆಯ ಒಡವೆ ಇಟ್ಟುಕೊಳ್ಳಲು, ಅಂಗಡಿಗೆ ಮಾರಲು ಅದು ಬೇಕಿಲ್ಲ. ಹಾಸನ ಅಥವಾ ಚಿಕ್ಕಮಗಳೂರಿನಲ್ಲಿ ಹೊಸದು ಕೊಂಡಾಗ ಬಿಐಎಸ್ (ಸರ್ಕಾರದ ಗುಣಮಟ್ಟ ಸಂಸ್ಥೆ) ಕೇರ್ ಆ್ಯಪ್‌ನಲ್ಲಿ ಆ ಸಂಖ್ಯೆ ಹಾಕಿ. ಯಾವ ಬಗೆಯ ಒಡವೆ, ಎಷ್ಟು ಶುದ್ಧ, ಎಲ್ಲಿ ಪರೀಕ್ಷೆಯಾಯಿತು ಎಂದು ತೋರಿಸುತ್ತದೆ. ಕೈಯಲ್ಲಿ ಸರ ಇದ್ದು ಆ್ಯಪ್ ಉಂಗುರ ಎಂದರೆ ಆ ಸಂಖ್ಯೆ ಬೇರೊಂದರದ್ದು. ಅಂಥದ್ದನ್ನು ಕೊಳ್ಳಬೇಡಿ.

ಕೆಡಿಎಂ ಅಂದರೆ ಶುದ್ಧತೆಯ ಗುರುತಲ್ಲ. ಕ್ಯಾಡ್ಮಿಯಂ ಬೆರೆಸಿದ ಬೆಸುಗೆ, ಅಷ್ಟೇ. ಅದರ ಹೊಗೆ ಕೆಲಸ ಮಾಡುವವರ ಪುಪ್ಪುಸಕ್ಕೆ ಕೆಡುಕೆಂದು ಆ ಪದ್ಧತಿಯನ್ನೇ ಬಿಡಿಸಿದರು. ನಿಮ್ಮ 32 ಗ್ರಾಂ ಸರ 916 ಬಂದರೆ ಶುದ್ಧ ಚಿನ್ನ 29.31 ಗ್ರಾಂ. 880 ಬಂದರೆ 28.16. 1.15 ಗ್ರಾಂ ವ್ಯತ್ಯಾಸ, ಹಾಗಾಗಿ ಮಾತಿಗಿಂತ ಮೊದಲು ಪರೀಕ್ಷೆ. ಬಿಐಎಸ್ ಮಾನ್ಯತೆಯ ಹಾಲ್‌ಮಾರ್ಕಿಂಗ್ ಕೇಂದ್ರದಲ್ಲಿ ಸಾರ್ವಜನಿಕರೂ ಪರೀಕ್ಷೆ ಮಾಡಿಸಬಹುದು. ನಾಲ್ಕು ಒಡವೆವರೆಗೆ 200 ರೂಪಾಯಿ, ಐದು ಮೇಲ್ಪಟ್ಟರೆ ಒಂದೊಂದಕ್ಕೆ 45, ಮೇಲೆ ತೆರಿಗೆ.

ಮಾರುವ ದಿನ ಮಾಡಬೇಕಾದ್ದು: ಹಿಂದಿನ ರಾತ್ರಿ ಅಂಟುವಾಳದ ಉಗುರುಬೆಚ್ಚನೆ ನೀರಲ್ಲಿ ನೆನೆಸಿ, ಮೆತ್ತನೆ ಬ್ರಷ್‌ನಲ್ಲಿ ಉಜ್ಜಿ, ಚೆನ್ನಾಗಿ ಒಣಗಿಸಿ. ಎಣ್ಣೆಜಿಡ್ಡು, ಕುಂಕುಮ ಸಂದಿಯಲ್ಲಿ ಕೂತಿದ್ದರೆ ಅದನ್ನೇ ನೆಪ ಮಾಡಿ ತೂಕ ಕಳೆಯುತ್ತಾರೆ. ಅಂಗಡಿಯಲ್ಲಿ ತಕ್ಕಡಿ ಸೊನ್ನೆ ತೋರಿಸುತ್ತಿರುವಾಗಲೇ ಇಡಿ, ಮೇಲಿನ ಫ್ಯಾನ್ ಆರಿಸಲು ಹೇಳಿ. ಶುದ್ಧತೆ ನೋಡುವ ಎಕ್ಸ್‌ಆರ್‌ಎಫ್ ಯಂತ್ರದ ಕಿರಣ ಒಡವೆಯ ಮೇಲ್ಪದರವನ್ನಷ್ಟೇ ಓದುತ್ತದೆ, ಆದ್ದರಿಂದ ಮೂರು ಕಡೆ ಇಟ್ಟು ನೋಡಲಿ, ಬೆಸುಗೆಯ ಜಾಗ ಬಿಟ್ಟು. ಕರಗಿಸಲೇಬೇಕು ಎಂದರೆ ನಿಮ್ಮ ಕಣ್ಣೆದುರೇ ಕರಗಿಸಲಿ. ಬಿಳಿಗಾರ ಹಾಕಿ ಕರಗಿಸಿದ ಗುಂಡನ್ನು ಮತ್ತೆ ತೂಗಿ, ಮತ್ತೆ ಪರೀಕ್ಷಿಸಲಿ. ಕೊಳೆ ಹೋದ ಮೇಲೆ ತೂಕ ಸ್ವಲ್ಪ ಇಳಿಯುವುದು ಸಹಜ. ತೂಕ ಇಳಿದದ್ದನ್ನೂ ಕಳೆದು, ಮೇಲೆ "ಕರಗಿಸಿದ ನಷ್ಟ" ಎಂದು ಇನ್ನೊಮ್ಮೆ ಕಳೆಯುವುದು ಸರಿಯಲ್ಲ. ಕರಗಿಸಿದ ಮೇಲೆ ಮನಸ್ಸು ಬದಲಿಸಲು ದಾರಿಯಿಲ್ಲ, ಅದಕ್ಕೇ ದರವನ್ನು ಮೊದಲೇ ಚೀಟಿಯಲ್ಲಿ ಬರೆಸಿಕೊಳ್ಳಿ.

ಕಾಫಿತೋಟ_ಮೂಡಿಗೆರೆ

ಮದುವೆಯಾದ ಹೆಂಗಸು 500 ಗ್ರಾಂವರೆಗೆ ಇಟ್ಟುಕೊಳ್ಳಬಹುದೆಂದು ಸರ್ಕಾರದ್ದೇ ನಿಯಮ ಇದೆಯಲ್ಲ? 70 ಗ್ರಾಂಗೆ ಇಷ್ಟೊಂದು ಯೋಚನೆ ಯಾಕೆ?

ಶಿರಾಡಿ_ಘಾಟ್

@ಕಾಫಿತೋಟ, ಅದು 1994ರ ಆದಾಯ ತೆರಿಗೆ ಸೂಚನೆ. ಮನೆ ಶೋಧದ ವೇಳೆ ಮದುವೆಯಾದ ಹೆಂಗಸರ 500, ಮದುವೆಯಾಗದ ಹೆಣ್ಣುಮಕ್ಕಳ 250, ಗಂಡಸರ 100 ಗ್ರಾಂವರೆಗಿನ ಒಡವೆಯನ್ನು ಜಪ್ತಿ ಮಾಡಬೇಡಿ ಎಂದು ಅಧಿಕಾರಿಗಳಿಗೆ ಹೇಳಿದ್ದು. ಏರ್‌ಪೋರ್ಟಿಗೂ ಅದಕ್ಕೂ ಸಂಬಂಧವಿಲ್ಲ. ಇದನ್ನು ನಂಬಿಕೊಂಡು ಗ್ರೀನ್ ಚಾನೆಲ್‌ಗೆ ಹೋಗುವವರು ಇದ್ದಾರೆ, ದಯವಿಟ್ಟು ಯಾರಿಗೂ ಹಾಗೆ ಹೇಳಬೇಡಿ.

@ಹಳೇಬೀಡು, ಹಳೇ ಸರದ ಬಗ್ಗೆ ಒಂದು ಬಿಟ್ಟೆ. ಅದನ್ನು ಇಲ್ಲಿಂದಲೇ ಒಯ್ದದ್ದು ಎಂದು ತೋರಿಸಲಾಗದಿದ್ದರೆ ಆ 32 ಗ್ರಾಂ ನಿಮ್ಮ ಹೆಂಡತಿಯ 40ರೊಳಗೇ ಸೇರಿಬಿಡುತ್ತದೆ. ಊರಿಂದ ಬಿಲ್‌ನ ಫೋಟೋ ತರಿಸಿಕೊಳ್ಳಿ, ಮೂಲ ಬಿಲ್ ಅನ್ನು ದೀಪಾವಳಿಗೆ ಬಂದಾಗಲೇ ನೀವು ಒಯ್ಯಬೇಕಿತ್ತು, ಈಗಲೂ ಅಮ್ಮ ಬರುವಾಗ ತರಬಹುದು. ಮದುವೆಯಲ್ಲಿ ಆ ಸರ ಹಾಕಿಕೊಂಡ ಫೋಟೋವೂ ಇರಲಿ. ಮುಂದೆ ಯಾವತ್ತೇ ಒಡವೆ ಒಯ್ಯುವಾಗ ಹೊರಡುವ ಏರ್‌ಪೋರ್ಟಿನ ಕಸ್ಟಮ್ಸ್‌ನಲ್ಲಿ ಎಕ್ಸ್‌ಪೋರ್ಟ್ ಸರ್ಟಿಫಿಕೇಟ್ ಮಾಡಿಸಿ. ಒಡವೆ, ಬಿಲ್ ಅಥವಾ ಮೌಲ್ಯಮಾಪಕರ ಪತ್ರ ತೋರಿಸಬೇಕು. ವಿಮಾನಕ್ಕೆ ಒಂದೆರಡು ಗಂಟೆ ಮೊದಲೇ ಹೋಗಬೇಕಾಗುತ್ತದೆ, ವಾಪಸ್ ಬರುವಾಗ ಅದೊಂದು ಕಾಗದವೇ ಸಾಕು.

ಊರಲ್ಲಿ ಮಾರಿದ ಹಣ ಬ್ಯಾಂಕ್ ಮೂಲಕವೇ ಪಡೆಯಿರಿ, ಅನಿವಾಸಿಯಾದ್ದರಿಂದ ಎನ್‌ಆರ್‌ಒ ಖಾತೆಗೆ (ಅನಿವಾಸಿಗಳು ಊರಿನ ಆದಾಯಕ್ಕೆ ಇಟ್ಟುಕೊಳ್ಳುವ ರೂಪಾಯಿ ಖಾತೆ). 24 ತಿಂಗಳಿಗಿಂತ ಹಳೆಯದಾದರೆ 2024ರ ಜುಲೈ 23ರಿಂದ ಲಾಭದ ಮೇಲೆ ಶೇ. 12.5 ತೆರಿಗೆ. ತವರಿನವರು ಉಡುಗೊರೆ ಕೊಟ್ಟದ್ದಾದರೆ ಅವರು ಕೊಂಡ ಬೆಲೆಯೇ ಲೆಕ್ಕಕ್ಕೆ ಬರುತ್ತದೆ. ಆ ಹಳೇ ಬಿಲ್ ಇಲ್ಲೂ ಬೇಕು.

ಬಾಬಾಬುಡನ್_ನ್ಯೂಜೆರ್ಸಿ

ಭಾವನಿಗೆ ಮೊದಲು ಹೇಳಬೇಕಾದ್ದು ಪೆನ್ನಿವೇಯ್ಟ್. ಅಮೆರಿಕದ ಅನೇಕ ಅಂಗಡಿಗಳು ಗ್ರಾಂನಲ್ಲಲ್ಲ, ಪೆನ್ನಿವೇಯ್ಟ್‌ನಲ್ಲಿ ದರ ಹೇಳುತ್ತವೆ. ಒಂದು ಪೆನ್ನಿವೇಯ್ಟ್ 1.555 ಗ್ರಾಂ, 20 ಸೇರಿದರೆ ಒಂದು ಟ್ರಾಯ್ ಔನ್ಸ್, 31.1 ಗ್ರಾಂ. ಕೇಳಿದ ಸಂಖ್ಯೆಯನ್ನು ಗ್ರಾಂ ದರವೆಂದು ಹೋಲಿಸಿಕೊಂಡರೆ ಒಂದೂವರೆಪಟ್ಟು ಒಳ್ಳೆಯ ದರದಂತೆ ಕಾಣುತ್ತದೆ. ಎರಡನೆಯದು, ಅಲ್ಲಿ ದಿನನಿತ್ಯ ಬರುವುದು 10 ಮತ್ತು 14 ಕ್ಯಾರೆಟ್ ಒಡವೆ. ಒರೆ ಹಚ್ಚುವ ಆಸಿಡ್ ಕೂಡ 14, 18ರವರೆಗೆ ಮಾತ್ರ ಇಟ್ಟುಕೊಂಡ ಅಂಗಡಿಗಳಿವೆ, ಆಗ ನಮ್ಮ 22 ಕೂಡ "18 ಮೇಲಿದೆ" ಎಂದು 18ರ ದರಕ್ಕೆ ಹೋಗುತ್ತದೆ. ಎಕ್ಸ್‌ಆರ್‌ಎಫ್ ಯಂತ್ರದಲ್ಲೇ ನೋಡಬೇಕೆಂದು ಹೇಳಲಿ. "ಎಷ್ಟು ಕೊಡುತ್ತೀರಿ" ಎಂದು ಕೇಳದೆ "ಇಂದಿನ ಸ್ಪಾಟ್ ದರದಲ್ಲಿ (ಆ ಹೊತ್ತಿನ ಮಾರುಕಟ್ಟೆ ದರದಲ್ಲಿ) ಶುದ್ಧ ಚಿನ್ನಕ್ಕೆ ಶೇಕಡ ಎಷ್ಟು" ಎಂದು ಕೇಳಲಿ. ಕನಿಷ್ಠ ಮೂರು ಕಡೆ, ಅದರಲ್ಲಿ ಒಂದು ಭಾರತೀಯ ಒಡವೆ ಅಂಗಡಿ, ಒಂದು ಚಿನ್ನ ಕರಗಿಸಿ ಶುದ್ಧ ಮಾಡುವ ರಿಫೈನರಿ. ಒಂದು ವರ್ಷ ಮೀರಿ ಇಟ್ಟುಕೊಂಡ ಚಿನ್ನದ ಲಾಭಕ್ಕೆ ಅಲ್ಲಿಯ ಫೆಡರಲ್ ತೆರಿಗೆ ಶೇ. 28ರವರೆಗೆ ಹೋಗಬಹುದು.

ಆದರೂ ಶಿರಾಡಿಯವರ ಮಾತೇ ಸರಿ. ಬಳೆ ಊರಿನವೇ ಆಗಿ ಬಿಲ್ ಇದ್ದರೆ, ತುರ್ತು ಇಲ್ಲದಿದ್ದರೆ, ಮದುವೆಗೆ ಬರುವಾಗ ತಂದು ಹಾಸನದಲ್ಲಿ ಮಾರಲಿ.

ಹಳೇಬೀಡು_ದುಬೈ

ತುಂಬಾ ಉಪಕಾರವಾಯಿತು. ಸರವನ್ನು 40 ಗ್ರಾಂಗೆ, ಬಳೆಯನ್ನು 20 ಗ್ರಾಂಗೆ ಇಳಿಸಿ ಇಲ್ಲಿ ಕೊಂಡು, ಹಳೇ ಸರ ಊರಲ್ಲಿ ಕೊಟ್ಟು ಅದರಲ್ಲಿ ಪದಕ ಮಾಡಿಸುವುದೆಂದು ಯೋಚಿಸಿದ್ದೇವೆ. ತಂಗಿ ಬಳೆ ಅಳತೆ 2.6 ಅನ್ನುತ್ತಾಳೆ. ಇಲ್ಲಿ ಮಿಲಿಮೀಟರ್ ಕೇಳುತ್ತಾರೆ.

ಒರೆಗಲ್ಲು_ಸಕಲೇಶಪುರ

2.6 ಅಂದರೆ ದಶಾಂಶವಲ್ಲ, 2 ಇಂಚು ಮತ್ತು 16ರಲ್ಲಿ 6 ಭಾಗ. ಒಳ ಅಡ್ಡಳತೆ 60.3 ಮಿಲಿಮೀಟರ್. 2.4 ಆದರೆ 57.2, 2.8 ಆದರೆ 63.5. ತಂಗಿ ಈಗ ಹಾಕುತ್ತಿರುವ ಬಳೆಯನ್ನೇ ಸ್ಕೇಲ್ ಮೇಲಿಟ್ಟು ಒಳ ಅಂಚಿನಿಂದ ಒಳ ಅಂಚಿಗೆ ಅಳೆದು ಫೋಟೋ ಕಳಿಸಲಿ. ಬಳೆ ಬಿಗಿಯಾದರೆ ಕತ್ತರಿಸಿ ತುಂಡು ಸೇರಿಸಿ ಬೆಸುಗೆ ಹಾಕಬೇಕಾಗುತ್ತದೆ, ಹೂವಿನ ಕೆತ್ತನೆ ಇದ್ದರೆ ಆ ಜಾಗ ಎದ್ದು ಕಾಣುತ್ತದೆ.